ರೊಟ್ಟಿ ತೀರುವ ತನಕ

ಆ ಬೋರ್ಡು ಈಗ ಮಹಬೂಬಬಿಯ ಆಡಿನ ಕೊಟ್ಟಿಗೆಯ ಮೇಲಿದೆ. ದೊಡ್ಡ ತಗಡಿನ ಬೋರ್ಡು, ಅರ್ಧ ಕೊಟ್ಟಿಗೆಗೆ ಅದೊಂದೇ ಸಾಕಾಗಿದೆ. ಬಣ್ಣದ ಮುಖವನ್ನು ಕೆಳಗೆ ಮಾಡಿ ಹಾಕಿದ್ದರಿಂದ ಹಳದಿ ಟೊಪ್ಪಿಗೆಯ ಒಬ್ಬ ಹುಡುಗನೂ ಹೊಲಿಗೆ ಯಂತ್ರದ ಮುಂದೆ ಕುಳಿತ ಒಬ್ಬ ಹುಡುಗಿಯೂ ದಿನವಿಡೀ ಆಡುಗಳನ್ನು ನೋಡಿ ನಗುತ್ತಿರುತ್ತಾರೆ. ಹೋದ ವಾರ ಅದನ್ನು ಏರಿಸುವಾಗ ನಾನೂ ಒಂದು ತುದಿ ಹಿಡಿದಿದ್ದೆ. ಏರಿಸಿ ಕೈ ಒರೆಸಿಕೊಳ್ಳುತ್ತ ಮಹಬೂಬಬಿ, "ಸರ್ ಇದ್ದಿದ್ರ ಈ ಆಡಿಗೂ ಫೋನ್ ಹಚ್ಚಿ ಊಟ ಆಯ್ತಾ ಅಂತ ಕೇಳ್ತಿದ್ರು ನೋಡ್ರಿ" ಎಂದಳು. ಇಬ್ಬರೂ ನಕ್ಕೆವು.

ನಮ್ಮ ಮನೆ ಅಫಜಲಪುರದಲ್ಲಿ, ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ. ಜೋಳದ ಖಡಕ್ ರೊಟ್ಟಿ ಮಾಡಿ ಮಾರುವುದು ನನ್ನ ಕೆಲಸ. ಮಹಬೂಬಬಿ ಪಕ್ಕದ ಮನೆಯವಳು, ಮುಂಜಾನೆ ಬಂದು ನನ್ನ ಜೊತೆ ರೊಟ್ಟಿ ಬಡಿಯುತ್ತಾಳೆ. ಎದುರಿನ ಮಾಳಿಗೆ ಮನೆಯಲ್ಲಿ ಕೆಲವು ವರ್ಷ ಆ ಬೋರ್ಡಿನ ತರಬೇತಿ ಕೇಂದ್ರ ನಡೆಯಿತು. ಹಳ್ಳಿಯ ಹುಡುಗ ಹುಡುಗಿಯರಿಗೆ ಕೆಲವು ತಿಂಗಳು ಹೊಲಿಗೆ, ವೈರಿಂಗು, ಹೋಟೆಲಿನಲ್ಲಿ ಬಡಿಸುವ ಕೆಲಸ ಕಲಿಸಿ, ಬೆಂಗಳೂರು ಕಡೆಗೋ ಪುಣೆ ಕಡೆಗೋ ನೌಕರಿಗೆ ಹಚ್ಚಿ ಕಳಿಸುವುದು. ಯೋಜನೆ ಸರಕಾರದ್ದು, ನಡೆಸುವವರು ಕಲಬುರಗಿಯ ಒಂದು ಸಂಸ್ಥೆಯವರು. ಕಲಿಸುವ ಮಾಸ್ತರರು ಬಂದರು, ಹೋದರು. ಕೊನೆಯ ತನಕ ಉಳಿದವರು ಈ ಸರ್ ಒಬ್ಬರೇ. ಇವರ ಕೆಲಸ ಕಲಿಸುವುದಲ್ಲ, ಕಳಿಸಿದವರ ಮೇಲೆ ಕಣ್ಣಿಡುವುದು. ಹೋದವರು ಕೆಲಸದಲ್ಲೇ ಇದ್ದಾರೋ, ಬಿಟ್ಟರೋ ಎಂದು ಒಂದು ವರ್ಷದ ತನಕ ತಿಂಗಳು ತಿಂಗಳು ಫೋನು ಮಾಡಿ ಕೇಳಿ ಮೇಲಕ್ಕೆ ತಿಳಿಸಬೇಕು.

"ದೇಶದಾಗ ಎಷ್ಟ್ ಮಂದಿಗೆ ಕೆಲಸ ಸಿಕ್ತು ಅಂತ ದಿಲ್ಲಿಯೊಳಗ ಹೇಳ್ತಾರಲ್ರಿ ಅಕ್ಕೋರೆ, ಆ ಲೆಕ್ಕದ ಬಾಲ ನನ್ನ ಕೈಯಾಗ ಅದ" ಎನ್ನುತ್ತಿದ್ದರು.

"ಹಂಗಾರ ಸಡ್ಲ ಹಿಡೀರಿ ಸರ್, ಒದ್ದಗಿದ್ದೀತು" ಎಂದು ಮಹಬೂಬಬಿ ಒಲೆಯ ಮುಂದಿನಿಂದಲೇ ಹೇಳುತ್ತಿದ್ದಳು.

ಅವರು ಆಳಂದದವರು. ನಲವತ್ತು ದಾಟಿದ್ದರು, ತೆಳ್ಳಗಿನ ಮೈ. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಬರೆದು ಬರೆದು ಕತ್ತು ಎಡಕ್ಕೆ ವಾಲಿಬಿಟ್ಟಿತ್ತು. ಫೋನಿಲ್ಲದಾಗಲೂ ಹಾಗೇ ವಾಲಿಸಿಕೊಂಡು ನಡೆಯುತ್ತಿದ್ದರು, ಯಾರೋ ಕಿವಿಯಲ್ಲಿ ಏನೋ ಹೇಳುತ್ತಿರುವ ಹಾಗೆ. ಜೋಳದ ಹಿಟ್ಟು ಅವರಿಗೆ ಆಗುತ್ತಿರಲಿಲ್ಲ. ನನ್ನ ಅಂಗಳಕ್ಕೆ ಕಾಲಿಟ್ಟ ಕೂಡಲೇ ಸೀನು. ಸೀನಿದ ಮೇಲೆ ಮೆಲ್ಲಗೆ "ಸಾರಿ ರೀ" ಎನ್ನಬೇಕು. ಎದುರಿಗೆ ಯಾರೂ ಇಲ್ಲದಿದ್ದರೂ ಅನ್ನಬೇಕು. ಮಾಳಿಗೆಯ ಮೇಲಿನ ಅವರ ಖೋಲಿಯ ಕಿಟಕಿ ನನ್ನ ಅಂಗಳದ ಕಡೆಗೇ ಇತ್ತು. ಗಾಳಿ ತಿರುಗಿದ ದಿನ ಮೇಲಿನಿಂದ ಒಂದು ಸೀನು, ಅದರ ಹಿಂದೆಯೇ ಒಂಟಿ ಖೋಲಿಯಲ್ಲಿ ಗೋಡೆಗೆ ಹೇಳಿದ "ಸಾರಿ ರೀ" ಕೇಳುತ್ತಿತ್ತು. "ಅಯ್, ಸಾಬ್ ಗ್ವಾಡಿಗೂ ಮರ್ಯಾದಿ ಕೊಡ್ತಾರ" ಎಂದು ಮಹಬೂಬಬಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

ನನಗೂ ಅವರಿಗೂ ಗಂಟು ಬಿದ್ದದ್ದು ರೊಟ್ಟಿಯಿಂದ. ಮೊದಲು ಕಳಿಸಿದ ಹುಡುಗರಲ್ಲಿ ಬಹಳ ಮಂದಿ ಒಂದು ವಾರದೊಳಗೇ ತಿರುಗಿ ಬಂದರಂತೆ. ಕೆಲಸ ಕಠಿಣ ಎಂದಲ್ಲ, ಅಲ್ಲಿನ ಅನ್ನ ಇಳಿಯಲಿಲ್ಲ ಎಂದು. ಆಗ ಇವರೇ ಒಂದು ಪದ್ಧತಿ ಹಾಕಿದರು. ಹೊರಡುವ ಪ್ರತಿಯೊಬ್ಬರ ಕೈಯಲ್ಲೂ ಒಂದು ಗಂಟು ಖಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ, ಖಾರದ ಚಟ್ನಿಪುಡಿ. ಒಣಗಿದ ರೊಟ್ಟಿ ಕೆಡುವುದಿಲ್ಲ. ಹೊತ್ತಿಗೆ ಒಂದರಂತೆ ಮುರಿದುಕೊಂಡು ತಿಂದರೆ ಹತ್ತಿರ ಹತ್ತಿರ ಒಂದು ತಿಂಗಳು ಬರುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಗಂಟು ಹಂಚುತ್ತ ಅವರು ಹೇಳುತ್ತಿದ್ದ ಮಾತು ಒಂದೇ.

"ರೊಟ್ಟಿ ತೀರೋತನಕ ನಿಲ್ರಿ. ತೀರಿದ ಮ್ಯಾಲೆ ಇರಬೇಕೋ ಬರಬೇಕೋ ನೀವ ನೋಡ್ಕೊರಿ. ರೊಟ್ಟಿ ಇರೂತನಕ ಮಾತ್ರ ಓಡಿ ಬರಬ್ಯಾಡ್ರಿ."

ಎಷ್ಟೋ ಮಂದಿ ಹಾಗೆಯೇ ನಿಂತರು. ರೊಟ್ಟಿ ತೀರುವಷ್ಟರಲ್ಲಿ ನಾಲಿಗೆಗೆ ಅನ್ನ ಹೊಂದಿಕೊಂಡಿರುತ್ತಿತ್ತು, ಕೈಗೆ ಮೊದಲ ಪಗಾರ ಬಂದಿರುತ್ತಿತ್ತು. ಬೀಳ್ಕೊಡಲು ಬಂದ ತಾಯಂದಿರು ಬಸ್ಸಿನ ಕಿಟಕಿ ಹಿಡಿದು ಅಳುತ್ತಿದ್ದರು. ಅವರನ್ನು ನಗಿಸಲೆಂದು ಇವರು ಇನ್ನೂ ಒಂದು ಮಾತು ಸೇರಿಸುತ್ತಿದ್ದರು. "ಅಳಬ್ಯಾಡ್ರೆವ್ವಾ. ಇವ್ರು ಓಡಿ ಬಂದ್ರ ನನ್ನ ನೌಕರಿ ಹೋಗ್ತದ. ಆಮ್ಯಾಲ ನಾನ ನಿಮ್ಮ ಮನೀಗೆ ಉಣ್ಣಾಕ ಬರಬೇಕಾಗ್ತದ." ತಾಯಂದಿರು ಕಣ್ಣೊರೆಸಿಕೊಂಡು ನಗುತ್ತಿದ್ದರು. ಅದು ಪೂರಾ ಚೇಷ್ಟೆಯೂ ಅಲ್ಲ. ಕಳಿಸಿದವರು ಕೆಲಸದಲ್ಲಿ ನಿಂತರೆ ಮಾತ್ರ ಮುಂದಿನ ತಂಡಕ್ಕೆ ಮಂಜೂರಾತಿ. ತಂಡ ಬರದಿದ್ದರೆ ಕೇಂದ್ರವಿಲ್ಲ, ಕೇಂದ್ರವಿಲ್ಲದಿದ್ದರೆ ಇವರೂ ಇಲ್ಲ. ಆದರೆ ಅವರು ಅದನ್ನು ಹೇಳುತ್ತಿದ್ದುದು ನಗೆಗೆಂದೇ.

ಫೋನು ಮಾಡುವುದರಲ್ಲಿಯೂ ಅವರದೊಂದು ರೀತಿ. ಸಂಜೆ ನನ್ನ ಕಟ್ಟೆಯ ಮೇಲೆ ಕುಳಿತು ಒಬ್ಬೊಬ್ಬರಿಗೆ ಹಚ್ಚುತ್ತಿದ್ದರು. ಖೋಲಿಯಲ್ಲಿ ಸಿಗ್ನಲ್ ಸಿಗುವುದಿಲ್ಲ ಎನ್ನುತ್ತಿದ್ದರು, ಆದರೆ ಒಬ್ಬರೇ ಕೂಡಲು ಬೇಸರವಾಗಿ ಬರುತ್ತಿದ್ದರೆಂದು ನನ್ನ ಅಂದಾಜು. ಕೆಲಸದಲ್ಲಿದ್ದೀಯಾ ಎಂದು ಎಂದೂ ಮೊದಲು ಕೇಳಿದವರಲ್ಲ. "ಊಟ ಆಯ್ತಾ? ಏನ್ ಉಂಡಿ?" ಅದೇ ಮೊದಲ ಮಾತು.

"ಕೆಲಸದಾಗ ಅದೀಯೇನ್ ಅಂದ್ರ ಎಲ್ಲಾರೂ ಹೌದ್ರಿ ಅಂತಾರ, ಅಕ್ಕೋರೆ. ಏನ್ ಉಂಡಿ ಅಂದ್ರ ಸುಳ್ಳ ಲಗೂ ಹೊಳಿಯಂಗಿಲ್ಲ. ಅನ್ನ ಸಾರು ಅಂದ್ರ ಹಾಸ್ಟೆಲ್‌ದಾಗ ಅದಾನ. ಪುಂಡಿಪಲ್ಯ ಅಂದ್ರ ಮನೀಗೆ ಬಂದಾನ."

ಪುಂಡಿಪಲ್ಯ ಅಂದವನನ್ನು ಬೈಯುತ್ತಿರಲಿಲ್ಲ. ಯಾಕೆ ಬಂದೆ, ಜ್ವರ ಬಂದಿತ್ತೇ, ಮತ್ತೆ ಹೋಗುತ್ತೀಯಾ, ಬೇರೆ ಕಡೆ ನೋಡಲೇ ಎಂದು ಕೇಳಿ, ಬಿಟ್ಟ ಎಂದು ತಿಳಿಸಬೇಕಾದ ಕಡೆ ತಿಳಿಸುತ್ತಿದ್ದರು. ಬರಬರುತ್ತ ಪುಂಡಿಪಲ್ಯ ಅನ್ನುವವರು ಕಡಿಮೆಯಾದರು. ಕೊನೆಯ ವರ್ಷವಂತೂ ಎಲ್ಲರೂ ಅನ್ನವನ್ನೇ ಉಂಡಿರುತ್ತಿದ್ದರು. ಕೆಲವರು ಫೋನನ್ನೇ ಎತ್ತುತ್ತಿರಲಿಲ್ಲ, ಅವರ ತಾಯಿಗೆ ಹಚ್ಚಿದರೆ "ಕೆಲಸದಾಗ ಅದಾಳ್ರಿ ಸರ್, ಛಲೋ ಅದಾಳ" ಎಂಬ ಉತ್ತರ. ಮೊದಮೊದಲಿಗೆ ಪಗಾರದ ಚೀಟಿ ತರಿಸಿಕೊಳ್ಳಬೇಕಾಗಿತ್ತು, ಮುಂದೆ ಮನೆಯವರು ಫೋನಿನಲ್ಲಿ ಹೇಳಿದರೂ ನಡೆಯುತ್ತಿತ್ತು. ಮಂದಿ ಹೇಳಿದ್ದನ್ನು ನಂಬುವುದು ಅವರ ಸ್ವಭಾವ. "ಮಂದಿ ನಿಲ್ಲಾಕತ್ತಾರ ನೋಡ್ರಿ ಅಕ್ಕೋರೆ, ಕಾಲ ಬದಲಾಗ್ಯದ" ಎಂದು ಖುಷಿಯಿಂದ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಒಂದು ಸಂಜೆ ಕರಜಗಿಯ ಒಬ್ಬ ತಾಯಿಗೆ ಹಚ್ಚಿದ್ದರು. ಮಗಳು ಭಾಗ್ಯಾ, ಬೆಂಗಳೂರಿನ ಆಚೆ ಬಟ್ಟೆಯ ಕಾರಖಾನೆಗೆ ಹೋದವಳು. ನನಗೂ ಕೇಳಲಿ ಎಂದು ಸ್ಪೀಕರ್ ಹಾಕಿದ್ದರು.

"ಭಾಗ್ಯಾ ಹೆಂಗದಾಳವ್ವಾ?"

"ಛಲೋ ಅದಾಳ್ರಿ ಸರ್. ಈಗ ಫೋನ್ ಮಾಡಿದ್ದಳು."

"ಏನ್ ಉಂಡಾಳಂತ?"

ಆ ಕಡೆ ಒಂದು ಗಳಿಗೆ ಮೌನ. "ಇಡ್ಲಿ ಅಂತ್ರಿ."

ಅಷ್ಟರಲ್ಲಿ ಆ ಕಡೆಯಿಂದ ಎಮ್ಮೆಯೊಂದು ಒದರಿತು. ಅದನ್ನು ಗದರಿಸುವ ಎಳೆಯ ಹೆಣ್ಣುದನಿಯೂ ಕೇಳಿಸಿದ ಹಾಗಾಯಿತು. ಸರ್ ಕತ್ತನ್ನು ಇನ್ನಷ್ಟು ವಾಲಿಸಿದರು. ನಾನು ಅವರ ಮುಖ ನೋಡಿದೆ. ತಾಯಿ ಗಡಿಬಿಡಿಯಿಂದ, "ಬಾಜೂ ಮನೀದ್ರಿ ಎಮ್ಮಿ" ಎಂದಳು.

"ಛಲೋ ಆಯ್ತವ್ವಾ. ಹೊತ್ತಿಗೆ ಸರಿಯಾಗಿ ಉಣ್ಣಾಕ ಹೇಳ್ರಿ" ಎಂದು ಫೋನು ಇಟ್ಟರು. ಆ ದಿನ ಮತ್ತೆ ಯಾರಿಗೂ ಹಚ್ಚಲಿಲ್ಲ.

ಇದಾದ ಮೇಲೆ ಕೆಲವು ದಿನಕ್ಕೆ ಮಹಬೂಬಬಿ ಒಬ್ಬ ಹುಡುಗಿಯನ್ನು ಕರೆದುಕೊಂಡು ಬಂದಳು. ಹುಡುಗಿಯ ಸೋದರತ್ತೆ ನಮ್ಮ ಹಿಂದಿನ ಓಣಿಯವಳು, ಇವಳು ಊರಿಂದ ಬಂದು ಅತ್ತೆಯ ಮನೆಯಲ್ಲಿದ್ದಾಳೆ, ಕೈಗೆ ಏನಾದರೂ ಕೆಲಸ ಕೊಡಿರಿ ಎಂದಳು. ದೊಡ್ಡ ತಂಡ ಹೊರಡುವುದಿತ್ತು, ನನಗೂ ಕೈ ಬೇಕಾಗಿತ್ತು. ಹುಡುಗಿ ಮಾತು ಕಡಿಮೆ. ರೊಟ್ಟಿ ಬಡಿಯುವ ಕೈ ಚುರುಕು. ನನ್ನ ಅಂಗಳದ ಗೋಡೆ ಎತ್ತರವಾಗಿದೆಯೇ, ಬೀದಿಯಿಂದ ಕಾಣುತ್ತದೆಯೇ ಎಂದು ಬಂದ ದಿನವೇ ಒಮ್ಮೆ ತಲೆಯೆತ್ತಿ ನೋಡಿ, ಎದುರಿನ ಕಿಟಕಿಗೆ ಕಾಣದ ಮೂಲೆಯಲ್ಲಿ ಕುಳಿತಿದ್ದಳು. ಹೆಸರು ಕೇಳಿದೆ. ತಂಗೆಮ್ಮ ಎಂದಳು.

ಸರ್ ರೊಟ್ಟಿ ನೋಡಲು ಬರುವುದು ಯಾವಾಗಲೂ ಸಂಜೆ, ಅಷ್ಟರಲ್ಲಿ ಹುಡುಗಿ ಮನೆಗೆ ಹೋಗಿರುತ್ತಿದ್ದಳು. ಆ ದಿನ ಏನಾಯಿತೋ, ಕಲಬುರಗಿಗೆ ಹೋಗಬೇಕೆಂದು ಮುಂಜಾನೆಯೇ ಬಂದರು. ಮೊದಲು ಸೀನು ಕೇಳಿತು. ಆಮೇಲೆ "ಸಾರಿ ರೀ." ಆ ಹುಡುಗಿಯ ಎರಡೂ ಕೈ ಹಿಟ್ಟಿನಲ್ಲಿದ್ದವು. ಸೀನು ಕೇಳಿದ್ದೇ ತಡ, ಎದ್ದಳು. ಓಡಲು ದಾರಿಯಿಲ್ಲ, ಬಾಗಿಲಲ್ಲಿ ಅವರೇ ಇದ್ದರು. ಮಹಬೂಬಬಿ ಒಣಹಾಕಿದ್ದ ಬಿಳಿ ಬಟ್ಟೆಯನ್ನು ಎಳೆದು ಅವಳ ತಲೆಯ ಮೇಲೆ ಹಾಕಿ, ರೊಟ್ಟಿ ಬುಟ್ಟಿಯ ಹಿಂದೆ ಕೂರಿಸಿ, ತಾನು ಅಡ್ಡ ನಿಂತು, "ಬರ್ರಿ ಸರ್, ಇವತ್ತೇನ್ ಸೂರ್ಯ ಆ ಕಡಿಂದ ಹುಟ್ಯಾನ" ಎಂದಳು. ಬುಟ್ಟಿಯ ಹಿಂದೆ ಬಿಳಿ ಬಟ್ಟೆ ಅಲ್ಲಾಡುತ್ತಿತ್ತು.

ಸರ್ ಮಹಬೂಬಬಿಯನ್ನು ನೋಡಲಿಲ್ಲ. ಬಟ್ಟೆಯನ್ನು ನೋಡಿದರು, ಎದ್ದಾಗಲೇ ಅವಳ ಮುಖ ಅವರಿಗೆ ಕಂಡಿತ್ತು. ಆಮೇಲೆ ಫೋನಿನಲ್ಲಿ ಕೇಳುವ ಹಾಗೆಯೇ ಕೇಳಿದರು.

"ಭಾಗ್ಯಾ, ಊಟ ಆಯ್ತಾ?"

ಬಟ್ಟೆಯೊಳಗಿಂದ, "ಆಯ್ತ್ರಿ ಸರ್."

"ಏನ್ ಉಂಡಿ?"

"ರೊಟ್ಟಿ."

"ನಿಮ್ಮವ್ವ ಇಡ್ಲಿ ಅಂದಿದ್ದಳಲ್ಲ."

ಹುಡುಗಿ ಬಟ್ಟೆ ಸರಿಸಿದಳು. ಕಣ್ಣು ತುಂಬಿದ್ದವು, ಆದರೆ ಹಿಟ್ಟಿನ ಕೈ, ಒರೆಸಿಕೊಳ್ಳುವಂತಿರಲಿಲ್ಲ. ಸರ್ ಮೆಟ್ಟಿಲ ಮೇಲೆ ಕುಳಿತರು. ನಾನು ನೀರು ಕೊಟ್ಟೆ. ಕುಡಿಯದೆ ಪಕ್ಕಕ್ಕಿಟ್ಟರು.

ಸಾವಕಾಶವಾಗಿ ಅವಳೇ ಹೇಳಿದಳು. ಬೇಸಿಗೆಗೆ ಮುಂಚೆಯೇ ಬಂದಿದ್ದಾಳೆ. ಅಲ್ಲಿ ಒಂದು ಖೋಲಿಯಲ್ಲಿ ಹತ್ತಾರು ಮಂದಿ, ನೀರಿಗೆ ಸರದಿ, ಸಂಡಾಸಿಗೆ ಎದ್ದು ಹೋದರೂ ಸೂಪರ್‌ವೈಜರ್ ಬೈಯುವುದು. ಅದೆಲ್ಲ ತಾಳಿಕೊಂಡಳು, ರೊಟ್ಟಿ ತೀರಿದ ಮೇಲೂ ನಿಂತಳು. ಆಮೇಲೆ ಜ್ವರ ಹಿಡಿದು ಇಳಿಯಲೇ ಇಲ್ಲ. ಬಂದಳು. ಬಂದ ದಿನವೇ ತಾಯಿ ಅವಳನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿದಳು.

"ಯಾಕ?" ಎಂದರು ಸರ್.

"ನೀವ ಹೇಳಿದ್ರೆಲ್ರಿ ಸರ್. ನಾವ್ ಓಡಿ ಬಂದ್ರ ನಿಮ್ಮ ನೌಕರಿ ಹೋಗ್ತದಂತ."

ಸರ್ ವಾಲಿದ ಕತ್ತನ್ನು ಎತ್ತಿ ಅವಳನ್ನು ನೋಡಿದರು.

"ಅವ್ವ ಅಂದ್ಲು, ಸರ್ ನಮ್ಮನ್ಯಾಗ ಉಂಡು ಹೋಗ್ಯಾರ, ಅವರ ಹೊಟ್ಟಿ ಮ್ಯಾಲ ಹೊಡಿಯೂದು ಬ್ಯಾಡ ಅಂತ. ಹೊರಗ ಹಾಯಬ್ಯಾಡ, ಯಾರಾರ ನೋಡಿ ಅಫಜಲಪುರದಾಗ ಹೇಳ್ತಾರ ಅಂತ. ವರ್ಷ ತುಂಬೂತನಕ ಒಳಗ ಇರು, ಆಮ್ಯಾಲ ಸರ್ ಕೇಳಂಗಿಲ್ಲ ಅಂದ್ಲು. ನೀರಿಗೂ ಕಳಸಲಿಲ್ಲ. ಸಾಕಾಗಿ ಅತ್ತಿ ಮನೀಗೆ ಬಂದೀನ್ರಿ."

"ಮತ್ತ ಯಾರ್ಯಾರು ಬಂದಾರ?"

ಭಾಗ್ಯಾ ಬೆರಳಿನ ಹಿಟ್ಟನ್ನು ಉಜ್ಜಿ ತೆಗೆದಳು. ಆಮೇಲೆ ಹೇಳಿದಳು. "ಯಾರ್ ಬಂದಿಲ್ಲ ಅಂತ ಕೇಳ್ರಿ ಸರ್. ಲಗೂ ಮುಗೀತದ."

ಆ ದಿನ ಅವರು ಕಲಬುರಗಿಗೆ ಹೋಗಲಿಲ್ಲ. ಹೊರಡಬೇಕಿದ್ದ ತಂಡವನ್ನೂ ತಡೆದರು. ಮರುದಿನದಿಂದ ಹಳ್ಳಿ ಹಳ್ಳಿ ತಿರುಗತೊಡಗಿದರು. ಮುಂಜಾನೆಯ ಬಸ್ಸಿಗೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಬರುವರು. ಮುಂಚೆ ತಿಳಿಸದೆ ಮನೆ ಬಾಗಿಲಿಗೇ ಹೋಗುತ್ತಿದ್ದರು. ಚೌಡಾಪುರದಲ್ಲಿ ಒಬ್ಬ ಹುಡುಗ ರಸ್ತೆ ಬದಿಯ ಚಹಾದ ಅಂಗಡಿಯಲ್ಲಿ ಇವರನ್ನು ಕಂಡವನೇ ಕೈಯಲ್ಲಿದ್ದ ಕೆಟಲಿ ಬಿಟ್ಟು ಹಿಂದಿನ ಹೊಲಕ್ಕೆ ಓಡಿದನಂತೆ. ಕರಜಗಿಯ ಕಡೆ ಒಬ್ಬಳು ಮನೆಯೊಳಗೇ ಕುಳಿತು ಓಣಿಯವರ ಕುಬಸ ಹೊಲಿಯುತ್ತಿದ್ದಳು, ಯಂತ್ರದ ಸಪ್ಪಳ ಹೊರಗೆ ಕೇಳಬಾರದೆಂದು ಕೆಳಗೆ ಗೋಣಿಚೀಲ ಹಾಸಿ. ಜೇವರ್ಗಿ ದಾಟಿ ಒಂದು ಊರಲ್ಲಿ ಹುಡುಗಿಗೆ ಗಂಡು ಗೊತ್ತಾಗಿತ್ತು, ಆದರೆ ಸರ್ ಅವರ ಲೆಕ್ಕದ ವರ್ಷ ತುಂಬಲಿ ಎಂದು ಲಗ್ನವನ್ನು ಮುಂದೆ ಹಾಕಿ ಕುಳಿತಿದ್ದರಂತೆ. ಆಳಂದದಲ್ಲಿ, ಅವರ ಸ್ವಂತ ಮನೆಯಿಂದ ಎರಡು ಓಣಿ ಆಚೆ, ಅವರೇ ಕಳಿಸಿದ ಹುಡುಗನೊಬ್ಬ ಹಗಲೆಲ್ಲ ಬಾಗಿಲು ಹಾಕಿಕೊಂಡು ಮಲಗಿರುತ್ತಿದ್ದ. ಇವರು ಶನಿವಾರ ಊರಿಗೆ ಹೋದಾಗಲೆಲ್ಲ ಆ ಮನೆಯ ಮುಂದಿನಿಂದಲೇ ಹಾದಿದ್ದಾರೆ.

ಯಾರೂ ತಮಗೋಸ್ಕರ ಸುಳ್ಳು ಹೇಳಿರಲಿಲ್ಲ. ಮೂರು ತಾಲೂಕಿನ ಮಂದಿ, ಒಬ್ಬರಿಗೊಬ್ಬರ ಗುರುತಿಲ್ಲದವರು, ಒಂದೇ ಮಾತನ್ನು ಹಿಡಿದುಕೊಂಡು ಇವರ ನೌಕರಿಯನ್ನು ಕಾಯುತ್ತಿದ್ದರು.

ಒಂದು ಸಂಜೆ ಕಟ್ಟೆಯ ಮೇಲೆ ಬಂದು ಕುಳಿತರು. ಫೋನು ತೆಗೆಯಲಿಲ್ಲ. ಕಾಲ ಮೇಲೆಲ್ಲ ಕರಿಮಣ್ಣಿನ ಧೂಳು.

"ಅಕ್ಕೋರೆ, ನಗಸಾಕಂತ ಒಂದ್ ಮಾತಂದೆ. ಆ ಮಾತಿಗೆ ಹುಡುಗ್ಯಾರು ಮನ್ಯಾಗ ಸೆರಿ ಆಗಿ ಕುಂತಾರ."

"ನಿಮಗ ಹೆಂಗ ಗೊತ್ತಾಗಬೇಕ್ರಿ ಸರ್."

"ಎಮ್ಮಿ ಒದರಿದಾಗ ಗೊತ್ತಾಗಿತ್ತು. ಕೇಳಬಾರದು ಅನ್ಸಿತು."

ಕಲಬುರಗಿಯ ಸಂಸ್ಥೆಯ ಸಾಹೇಬರಿಗೆ ಫೋನಿನಲ್ಲಿ ಎಲ್ಲ ಹೇಳಿದ್ದಾಗಿತ್ತು. ಅವರು ಬೈಯಲಿಲ್ಲವಂತೆ. ಮನೆಯವರು ಕೆಲಸದಲ್ಲಿ ಇದ್ದಾರೆ ಎಂದಿದ್ದಾರೆ, ನೀವು ಇದ್ದಾರೆ ಎಂದು ಕಳಿಸಿದ್ದೀರಿ, ಅಲ್ಲಿಗೆ ಮುಗಿಯಿತು, ನೀವು ಯಾಕೆ ಊರೂರು ತಿರುಗುತ್ತೀರಿ ಎಂದು ಕೇಳಿದರಂತೆ. ಕುಬಸ ಹೊಲಿಯುವವಳನ್ನೂ ಚಹಾ ಮಾಡುವವನನ್ನೂ ದುಡಿಯುವವರು ಎಂದು ತೋರಿಸಬಹುದೇ ಎಂದು ಇವರು ಕೇಳಿದ್ದಾರೆ. ನಾವು ಕಳಿಸಿದ ಜಾಗದಲ್ಲಿ ಇದ್ದರೆ ಇದ್ದಾರೆ, ಇಲ್ಲದಿದ್ದರೆ ಬಿಟ್ಟಿದ್ದಾರೆ, ನಡುವೆ ಇನ್ನೊಂದಿಲ್ಲ ಎಂಬ ಉತ್ತರ ಬಂದಿದೆ.

ನಾನು ಆ ದಿನದ ರೊಟ್ಟಿಗಳನ್ನು ಬುಟ್ಟಿಗೆ ಜೋಡಿಸುತ್ತಿದ್ದೆ. ಅವರು ನೋಡುತ್ತ ಕುಳಿತಿದ್ದವರು, "ಮುರದದ್ದನ್ನೂ ಎಣಿಸ್ತೀರೇನ್ರಿ?" ಎಂದು ಕೇಳಿದರು.

"ಇಲ್ರಿ. ಗಿರಾಕಿಗೆ ಇಡೀದು. ಮುರದದ್ದು ನಾವ ತಿಂತೇವಿ."

ಬುಟ್ಟಿಯ ಅಂಚಿನ ಒಂದು ಮುರುಕನ್ನು ಎತ್ತಿಕೊಂಡು, "ಹಂಗಾರ ಮುರದದ್ದು ನಾನ ತಿನ್ನಬೇಕು" ಎಂದರು. ಸೀನು ಬಂತು. "ಸಾರಿ ರೀ" ಎಂದು ಎದ್ದು ಹೋದರು.

ಯಾರು ಯಾರು ತಿರುಗಿ ಬಂದಿದ್ದರೋ ಅಷ್ಟೂ ಮಂದಿ ಕೆಲಸ ಬಿಟ್ಟರು ಎಂದು ಅವರು ಮೇಲಕ್ಕೆ ತಿಳಿಸಿಬಿಟ್ಟರು. ಆಮೇಲೆ ಒಬ್ಬೊಬ್ಬರ ಮನೆಗೂ ಫೋನು ಹಚ್ಚಿ, ತಿಳಿಸಿದ್ದೇನೆ, ಇನ್ನು ಹುಡುಗಿಯನ್ನು ಹೊರಗೆ ಬಿಡಿರಿ, ಲಗ್ನ ಮಾಡಿರಿ, ನೀರಿಗೆ ಕಳಿಸಿರಿ ಎಂದು ಹೇಳಿದರು. ಅಷ್ಟೂ ಫೋನುಗಳನ್ನು ನನ್ನ ಕಟ್ಟೆಯ ಮೇಲಿಂದಲೇ ಮಾಡಿದ್ದು. ಆ ಸಂಜೆಗಳಲ್ಲಿ ಊಟ ಆಯ್ತಾ ಎಂದು ಯಾರನ್ನೂ ಕೇಳಲಿಲ್ಲ.

ಅವರನ್ನು ಯಾರೂ ಹೊರಗೆ ಹಾಕಲಿಲ್ಲ. ಮುಂದಿನ ತಂಡಕ್ಕೆ ಮಂಜೂರಾತಿ ಬರಲಿಲ್ಲ, ಅಷ್ಟೇ. ಕುರ್ಚಿಗಳನ್ನು ಒಂದು ಟೆಂಪೋ ಒಯ್ದಿತು, ಹೊಲಿಗೆ ಯಂತ್ರಗಳನ್ನು ಇನ್ನೊಂದು. ಬೋರ್ಡನ್ನು ಮಾತ್ರ ಯಾರೂ ಕೇಳಲಿಲ್ಲ. ಖಾಲಿ ಕೇಂದ್ರದಲ್ಲಿ ಅವರು ಇನ್ನೂ ಕೆಲವು ವಾರ ಇದ್ದರು. ಸಂಜೆ ಕಟ್ಟೆಗೆ ಬಂದು, ಹಚ್ಚಲು ನಂಬರಿಲ್ಲದೆ ಫೋನನ್ನು ಅಂಗೈಯಲ್ಲಿ ತಿರುಗಿಸುತ್ತ ಕುಳಿತಿರುತ್ತಿದ್ದರು.

ಆ ದಿನಗಳಲ್ಲೇ ಕರಜಗಿಯಿಂದ ಭಾಗ್ಯಾಳ ತಾಯಿ ಬಂದಳು. ಬಿಸಿಲಲ್ಲಿ ಬಂದವಳು ಕುಳಿತುಕೊಳ್ಳಲೂ ಇಲ್ಲ. ಸರ್ ಎದ್ದು ನಿಂತರು.

"ಸರ್, ನಾವ್ ಹೇಳಿದ್ದ ಹೇಳಿದಂಗ ನೀವ್ ಬರಕೋಬೇಕಿತ್ತು" ಎಂದಳು. "ನಿಮ್ಮ ಸಲುವಾಗಿ ಹರೇದ ಮಗಳನ್ನ ಒಳಗ ಕುಂದರಿಸಿ, ಮಂದಿ ಕಡಿಂದ ನಾಕ್ ಮಾತ್ ಅನಿಸ್ಕೊಂಡೇವಿ. ಯಾಕ್ ಒಳಗ ಇಟ್ಟಾರಂತ ಊರಾಗ ಏನೇನ್ ಅಂದ್ರು ನಿಮಗ ಗೊತ್ತದೇನು? ಅಷ್ಟೆಲ್ಲಾ ಅನಿಸ್ಕೊಂಡು ನಿಮ್ಮ ನೌಕರಿ ಉಳಸೀದ್ವಿ. ನೀವ ಕೈಲೆ ಕಳಕೊಂಡ್ರಿ."

"ತಪ್ಪಾಯ್ತವ್ವಾ" ಎಂದರು ಸರ್.

"ತಪ್ಪ ನಿಮ್ಮದಲ್ರಿ. ಆದ್ರ ನಮ್ದೂ ದಂಡ ಆಯ್ತು, ನಿಮ್ದೂ ದಂಡ ಆಯ್ತು. ಯಾರಿಗೇನ್ ಬಂತು ಹೇಳ್ರಿ."

ಹೋಗುವಾಗ ಅವಳು ಚೀಲದಿಂದ ಒಂದು ಡಬ್ಬಿ ತುಪ್ಪ ತೆಗೆದು ಅವರ ಕೈಯಲ್ಲಿಟ್ಟು ಹೋದಳು. "ಎಮ್ಮಿ ನಮ್ದರಿ" ಎಂದಳು, ಮುಖ ಆ ಕಡೆ ಮಾಡಿ.

ಕೊನೆಗೆ ಅವರಿಗೆ ಕೆಲಸ ಕೊಡಿಸಿದವನು ಅವರೇ ಕಳಿಸಿದ್ದ ಜೇವರ್ಗಿಯ ಒಬ್ಬ ಹುಡುಗ. ತಿರುಗಿ ಬಾರದೆ ನಿಂತ ಕೆಲವೇ ಮಂದಿಯಲ್ಲಿ ಅವನೊಬ್ಬ, ಪುಣೆ ಕಡೆ ಒಂದು ಗೋದಾಮಿನಲ್ಲಿದ್ದ. ಸರಕು ಬಂದದ್ದು ಹೋದದ್ದು ನೋಡಿಕೊಳ್ಳುವವರು ಬೇಕಾಗಿದ್ದಾರೆ ಬರ್ರಿ ಸರ್ ಎಂದು ಕರೆದ. "ನಾ ಕಳಿಸಿದವ ಈಗ ನನ್ನ ಕರಕೊಂಡ್ ಹೊಂಟಾನ" ಎಂದು ನಕ್ಕರು. ಅಷ್ಟು ದಿನಗಳಲ್ಲಿ ಅವರು ನಕ್ಕದ್ದು ಅದೊಂದೇ ಸಲ. ಹೊರಡುವ ಮುಂಚೆ ಆಳಂದದ ಮನೆಯಲ್ಲಿದ್ದ ಹೆಂಡತಿಯನ್ನು ಕರೆದುಕೊಂಡು ಗಾಣಗಾಪುರಕ್ಕೆ ಹೋಗಿ ಬರುವಾಗ ನಮ್ಮ ಮನೆಗೆ ಬಂದರು. ಆ ತಂಗಿ ಮೆಲುದನಿಯವಳು, ಪ್ರತಿ ಮಾತಿಗೂ ಮುಂಚೆ ಗಂಡನ ಮುಖ ನೋಡುವಳು. ಊಟ ಮಾಡಿ, ಏನಾದರೂ ಇದ್ದರೆ ಹೇಳಿರೆಂದು ತನ್ನ ಫೋನಿನ ನಂಬರು ಕೊಟ್ಟಳು.

ಅವರ ಗಂಟನ್ನು ನಾನೇ ಕಟ್ಟಿದೆ. ಭಾಗ್ಯಾ ಬಡಿದ ರೊಟ್ಟಿಗಳು. ಉಳಿದವರಿಗೆ ಕಟ್ಟುತ್ತಿದ್ದುದಕ್ಕಿಂತ ಹೆಚ್ಚೇ ಕಟ್ಟಿದೆ. ಬಸ್ ಸ್ಟ್ಯಾಂಡಿಗೆ ನಾನೂ ಮಹಬೂಬಬಿಯೂ ಹೋಗಿದ್ದೆವು. ಕಿಟಕಿಯಲ್ಲಿ ಕುಳಿತವರಿಗೆ ಮಹಬೂಬಬಿ, "ಸರ್, ರೊಟ್ಟಿ ತೀರೋತನಕ ಓಡಿ ಬರಬ್ಯಾಡ್ರಿ ಮತ್ತ" ಎಂದಳು. ಅವರು ಕತ್ತು ವಾಲಿಸಿ, ಹೂಂ ಎಂದರು.

ಕೆಲವು ದಿನ ಬಿಟ್ಟು ನಾನೇ ಫೋನು ಹಚ್ಚಿದೆ. ಕೇಳುವ ರೀತಿ ಅವರಿಂದಲೇ ಕಲಿತದ್ದು.

"ಊಟ ಆಯ್ತ್ರಿ ಸರ್? ಏನ್ ಉಂಡ್ರಿ?"

"ಅನ್ನ, ಬ್ಯಾಳಿ. ನಿಮ್ಮ ರೊಟ್ಟಿ ಇನ್ನೂ ಅವ, ಅಕ್ಕೋರೆ. ತುಕಡಿ ತುಕಡಿ ಮಾಡಿ ತಿನ್ನಾಕತ್ತೇನಿ. ತೀರಬಾರದು ನೋಡ್ರಿ."

ಹಿಂದೆ ಲಾರಿಗಳ ಸಪ್ಪಳವಿತ್ತು. ಕೆಮ್ಮುತ್ತಿದ್ದರು. ಅಲ್ಲಿನ ಧೂಳು ಜೋಳದ ಹಿಟ್ಟಿನಂಥದ್ದಲ್ಲ ಎಂದರು. ಅದಾದ ಮೇಲೆ ಹಚ್ಚಿದಾಗ ಫೋನು ಬಂದ್ ಆಗಿತ್ತು. ಮತ್ತೆ ಹಚ್ಚಿದಾಗಲೂ ಹಾಗೆಯೇ.

ಬೋರ್ಡನ್ನು ಕೊಟ್ಟಿಗೆಗೆ ಏರಿಸಿದೆವಲ್ಲ, ಆ ಸಂಜೆ ಮನಸ್ಸು ತಡೆಯದೆ ಅವರ ಹೆಂಡತಿಗೆ ಹಚ್ಚಿದೆ.

"ಸರ್ ಹೆಂಗದಾರ ತಂಗಿ?"

"ಛಲೋ ಅದಾರ್ರಿ ಅಕ್ಕಾ. ಪುಣೆದಾಗ ಅದಾರ. ಕೆಲಸದಾಗ ಅದಾರ್ರಿ."

"ಫೋನ್ ಹತ್ತವಲ್ದು ಅವರದು."

"ಅದು ಕೆಟ್ಟದಂತ್ರಿ. ಹೊಸಾದು ತಗೋತೇನಿ ಅಂದಾರ."

ಅಷ್ಟರಲ್ಲಿ ಆ ಕಡೆಯಿಂದ ಒಂದು ಸೀನು ಕೇಳಿತು. ಒಳಗಿನ ಖೋಲಿಯಿಂದಿರಬೇಕು, ಬಾಯಿ ಮುಚ್ಚಿ ಸೀನಿದ ಹಾಗಿತ್ತು. ಅದರ ಹಿಂದೆಯೇ, ತಡೆಯಲಾರದೆ ಬಾಯಿಂದ ಜಾರಿದ ಹಾಗೆ, ಬಹಳ ಮೆಲ್ಲಗೆ, "ಸಾರಿ ರೀ."

ಆ ತಂಗಿಯ ಉಸಿರಷ್ಟೇ ಕೇಳುತ್ತಿತ್ತು.

"ಟಿವಿ ಹಚ್ಚೀನ್ರಿ ಅಕ್ಕಾ" ಎಂದಳು ಆಮೇಲೆ.

"ಛಲೋ ಆಯ್ತವ್ವಾ. ಹೊತ್ತಿಗೆ ಸರಿಯಾಗಿ ಉಣ್ಣಾಕ ಹೇಳ್ರಿ" ಎಂದೆ. "ನಾಳೆ ಆಳಂದ ಬಸ್ಸಿಗೆ ಒಂದ್ ಗಂಟು ರೊಟ್ಟಿ ಇಡ್ತೇನಿ. ಕಂಡಕ್ಟರ್ ಕಡಿಂದ ಇಸ್ಕೋರಿ."

"ನನಗೊಬ್ಬಾಕೀಗೆ ಎಷ್ಟ್ ಬೇಕ್ರಿ ಅಕ್ಕಾ."

"ಇರಲಿ ತಂಗಿ."

ಮರುದಿನ ಮುಂಜಾನೆ ಬಿಳಿ ಬಟ್ಟೆ ಹಾಸಿ ಕುಳಿತೆ. ಪಕ್ಕದಲ್ಲಿ ಭಾಗ್ಯಾ ಬಡಿಯುತ್ತಿದ್ದಳು. ಯಾರಿಗೆ ಎಂದು ಅವಳು ಕೇಳಲಿಲ್ಲ. ಬುಟ್ಟಿಯಿಂದ ರೊಟ್ಟಿಗಳನ್ನು ತೆಗೆದು ಬಟ್ಟೆಯ ಮೇಲಿಟ್ಟೆ, ಸಾಲದು ಅನಿಸಿತು, ಇನ್ನಷ್ಟು ಇಟ್ಟೆ. ಮತ್ತೆ ಕೆಲವನ್ನು ತೆಗೆದೆ. ಹೊರಗೆ ಬಸ್ಸಿನ ಹೊತ್ತಾಗುತ್ತಿತ್ತು. ಇಷ್ಟು ವರ್ಷದಲ್ಲಿ ದೂರ ಹೋಗುವವರಿಗೆ ಎಷ್ಟು ಕಟ್ಟಬೇಕೆಂಬುದು ನನ್ನ ಕೈಗೇ ಗೊತ್ತಿತ್ತು. ತಿರುಗಿ ಬಂದು ಒಳಗೆ ಕುಳಿತವರಿಗೆ ಎಷ್ಟು ದಿನಕ್ಕಾಗುವಷ್ಟು ಕಟ್ಟಬೇಕೆಂದು ಗೊತ್ತಾಗಲಿಲ್ಲ.